ಪುಟ ಕಟ್ಟುವ ಯಂತ್ರ ಇರಲಿ, ಟಪಾಲು ಬೇರೆಡೆ ಬರಲಿ

ಪ್ರಶ್ನೆ: ಮೇಡಂ, ಚಾಮರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಮುದ್ರಣಾಲಯ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಬಿಲ್ ಪುಸ್ತಕ, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ ಇವೇ ನಮ್ಮ ಕೆಲಸ. ವಿಂಡೋಸ್ 7 ಇರುವ ಒಂದೇ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ ಮತ್ತು ಇಮೇಲ್‌ಗಾಗಿ ಥಂಡರ್‌ಬರ್ಡ್ 52 ಇವೆ. 2011ರಿಂದ ಗಿರಾಕಿಗಳು ಕಳಿಸಿದ ಮ್ಯಾಟರ್, ಪ್ರೂಫ್ ನೋಡಿ ಕೊಟ್ಟ ಒಪ್ಪಿಗೆ ಎಲ್ಲವೂ ಅದರಲ್ಲೇ ಇದೆ. ಈಚೆಗೆ ಹೊಸದೊಂದು ಜಿಮೇಲ್ ಖಾತೆ ಸೇರಿಸಲು ಹೋದರೆ ಪಾಸ್‌ವರ್ಡ್ ಸರಿಯಿದ್ದರೂ ಒಪ್ಪುತ್ತಿಲ್ಲ. ಪ್ರೋಗ್ರಾಂ ಅಪ್‌ಡೇಟ್ ಮಾಡಿ ಎಂದು ಮಗ ಹೇಳುತ್ತಾನೆ. ಪಕ್ಕದ ಪ್ರೆಸ್ಸಿನವರು ಹೊಸ ಕಂಪ್ಯೂಟರಿಗೆ ಹೋದ ಮೇಲೆ ನುಡಿಯಲ್ಲಿದ್ದ ಹಳೆಯ ಪತ್ರಗಳೆಲ್ಲ ಓದಲು ಬಾರದಂತಾಗಿವೆಯಂತೆ. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟಬೇಕೇ? ನಾನಂತೂ ಅಪರಿಚಿತರ ಪತ್ರ ತೆರೆಯುವವನಲ್ಲ.

ಉತ್ತರ: ನಿಮ್ಮ ಭಯ ನಿಜವಾದದ್ದು, ಅದರಿಂದಲೇ ಆರಂಭಿಸುತ್ತೇನೆ. ನಾನು 1998ರಲ್ಲಿ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಕಲಿತವಳು. ಆಮೇಲೆ ಬಸವನಗುಡಿ, ಚಾಮರಾಜಪೇಟೆಯ ಸಣ್ಣ ಸಣ್ಣ ಕಚೇರಿಗಳ ಯಂತ್ರಗಳನ್ನು ನೋಡಿಕೊಳ್ಳುತ್ತ ಬಂದೆ. 2009ರಲ್ಲಿ ಲೆಕ್ಕಪತ್ರ ಬರೆಯುವ ಒಂದು ಕಚೇರಿಯಲ್ಲಿ ಮೇಲ್ ತೆರೆಯಲು ಐದು ನಿಮಿಷ ಹಿಡಿಯುತ್ತಿತ್ತು. ಬಂದ ಪತ್ರಗಳೆಲ್ಲ ಒಂದೇ ಕಡತದಲ್ಲಿ ಸೇರಿ ಅದು ಎರಡು ಜಿಬಿಯ ಹತ್ತಿರಕ್ಕೆ ಬೆಳೆದಿತ್ತು. ಕಡತವನ್ನು ಕುಗ್ಗಿಸಲೇ ಎಂದು ಪ್ರೋಗ್ರಾಂ ಕೇಳಿತು, ನಾನು ಹೂಂ ಎಂದೆ. ಮೊದಲು ಒಂದು ಪ್ರತಿ ತೆಗೆದಿಡಲಿಲ್ಲ. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಎರಡು ನಿಮಿಷವೂ ತಡೆಯಲಿಲ್ಲ. ನಾಲ್ಕು ವರ್ಷಗಳ ಪತ್ರಗಳು ಹೋದವು. ಆ ಕಚೇರಿಯ ಹಿರಿಯರು ನನಗೆ ಒಂದು ಮಾತನ್ನೂ ಆಡಲಿಲ್ಲ. ಫೋನ್ ಎತ್ತಿಕೊಂಡು ಒಬ್ಬೊಬ್ಬ ಕಕ್ಷಿದಾರರಿಗೂ ಕರೆ ಮಾಡಿ, ದಯವಿಟ್ಟು ಹಳೆಯ ಪತ್ರವನ್ನು ಮತ್ತೊಮ್ಮೆ ಕಳಿಸಿ ಎಂದು ಸಂಜೆಯವರೆಗೂ ಕೇಳಿಕೊಂಡರು. ನಾನು ಪಕ್ಕದಲ್ಲೇ ಕುಳಿತು ಆ ಪಟ್ಟಿ ಬರೆದುಕೊಂಡೆ. ಅಂದಿನಿಂದ ಇಂದಿನವರೆಗೆ ಪ್ರತಿ ತೆಗೆಯದೆ ಯಾರ ಟಪಾಲನ್ನೂ ನಾನು ಮುಟ್ಟಿಲ್ಲ. ಆದ್ದರಿಂದ ಅಪ್‌ಡೇಟ್ ಬೇಕೋ ಬೇಡವೋ ಎಂಬ ಮಾತು ಸ್ವಲ್ಪ ಆಚೆಗಿರಲಿ. ಈ ವಾರವೇ ನಿಮ್ಮ ಪತ್ರಗಳ ಪ್ರತಿ ತೆಗೆಯಿರಿ.

ಅವು ಎಲ್ಲಿವೆ ಎಂಬುದನ್ನು ಥಂಡರ್‌ಬರ್ಡೇ ತೋರಿಸುತ್ತದೆ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ತೆರೆದರೆ, ನಿಮ್ಮ ಪತ್ರ, ಸೆಟ್ಟಿಂಗ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರನ್ನು ತೆರೆಯುವ ಗುಂಡಿ ಕಾಣುತ್ತದೆ. ಅದನ್ನು ಒತ್ತಿ ಫೋಲ್ಡರ್ ತೆರೆದ ಮೇಲೆ ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ. ಒಳಗೆ ಮೇಲ್ ಎಂಬ ಫೋಲ್ಡರಿನಲ್ಲಿ ಇನ್‌ಬಾಕ್ಸ್ ಎಂಬ ಹೆಸರಿನ, ಹಿಂದೆ ಯಾವ ಬಾಲವೂ ಇಲ್ಲದ ದೊಡ್ಡ ಕಡತ ಇರುತ್ತದೆ. ಅದೇ ನಿಮ್ಮ ಪತ್ರಗಳ ಗಂಟು. ಅದೇ ಹೆಸರಿನ ಮುಂದೆ ಎಂಎಸ್‌ಎಫ್ ಎಂದಿರುವ ಚಿಕ್ಕ ಕಡತ ಬರಿಯ ವಿಷಯಸೂಚಿ, ಹೋದರೆ ಪ್ರೋಗ್ರಾಂ ತಾನೇ ಮತ್ತೆ ಬರೆದುಕೊಳ್ಳುತ್ತದೆ. ನೀವು ಇದ್ಯಾವುದನ್ನೂ ಆರಿಸುತ್ತ ಕೂರಬೇಡಿ. ಇಡೀ ಪ್ರೊಫೈಲ್ ಫೋಲ್ಡರನ್ನು ಎರಡು ಹೊರಗಿನ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಪ್ರೆಸ್ಸಿನಲ್ಲಿಡಿ, ಇನ್ನೊಂದನ್ನು ಮನೆಗೆ ಒಯ್ಯಿರಿ. ಗಾತ್ರ ನೋಡಿ ಗಾಬರಿಯಾಗಬೇಡಿ. ನೀವು ಅಳಿಸಿದ ಪತ್ರಗಳು ಕಣ್ಣಿಗೆ ಕಾಣದಿದ್ದರೂ ಕಡತವನ್ನು ಕುಗ್ಗಿಸುವವರೆಗೆ ಅದರೊಳಗೇ ಇರುತ್ತವೆ. ಕುಗ್ಗಿಸುವ ಕೆಲಸ ಪ್ರತಿ ತೆಗೆದ ಮೇಲೆ, ಯುಪಿಎಸ್ ಗಟ್ಟಿಯಾಗಿರುವ ದಿನ.

ಗಿರಾಕಿಗಳ ವಿಳಾಸಗಳನ್ನು ಇದರ ಜೊತೆಗೆ ಬೇರೆಯಾಗಿಯೂ ಹೊರತೆಗೆಯಿರಿ. ಥಂಡರ್‌ಬರ್ಡ್ ತನ್ನ ವಿಳಾಸ ಪುಸ್ತಕವನ್ನು ಬರೆದಿಡುವ ಬಗೆಯನ್ನೇ 2020ರ 78ನೆಯ ಆವೃತ್ತಿಯಲ್ಲಿ ಬದಲಿಸಿತು. 52ರಲ್ಲಿರುವ ನಿಮ್ಮ ಪುಸ್ತಕ ಹಳೆಯ ಬಗೆಯದು. ಅಡ್ರೆಸ್ ಬುಕ್ ತೆರೆದು ಟೂಲ್ಸ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಸಿಎಸ್‌ವಿ ಕಡತವಾಗಿ ಉಳಿಸಿಕೊಂಡರೆ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದುತ್ತದೆ.

ಈಗ ಮುಟ್ಟಬೇಕೇ ಎಂಬ ಪ್ರಶ್ನೆ. ನೀವು ಪತ್ರದ ಕೊನೆಯಲ್ಲಿ ಬರೆದ ಒಂದು ಸಾಲು ನನ್ನನ್ನು ಬಹಳ ಹೊತ್ತು ಕಾಡಿತು. ಅಪರಿಚಿತರ ಪತ್ರ ತೆರೆಯುವವನಲ್ಲ ಎಂದಿದ್ದೀರಿ. ಆದರೆ ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಒಂದು ಮನೆಯಿಂದ ಎಷ್ಟು ಸಲ ಬಂದಾರು? ಮದುವೆ ಗೊತ್ತಾದ ಹುಡುಗಿಯ ಸೋದರಮಾವ ಯಾರೋ ಹೇಳಿದ ವಿಳಾಸಕ್ಕೆ ಮ್ಯಾಟರ್ ಕಳಿಸುತ್ತಾರೆ. ಅವರ ಹೆಸರನ್ನು ನೀವು ಅಂದೇ ಮೊದಲು ಕೇಳುವುದು. ಹಾಗೆ ಬಂದ ವರ್ಡ್ ಕಡತವನ್ನೂ ಫೋಟೊವನ್ನೂ ತೆರೆಯದೆ ನಿಮ್ಮ ವೃತ್ತಿ ನಡೆಯುವುದಿಲ್ಲ. ಬಟ್ಟೆ ಅಂಗಡಿಯವರಿಗಿಂತ, ದಿನಸಿ ಅಂಗಡಿಯವರಿಗಿಂತ ಹೆಚ್ಚಾಗಿ ನೀವು ಅಪರಿಚಿತರ ಕಡತ ತೆರೆಯುವವರು. ಇನ್ನು ತೆರೆಯದಿದ್ದರೆ ಸಾಕು ಎನ್ನುವುದೂ ಪೂರ್ತಿ ನಿಜವಲ್ಲ. 2023ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್‌ನಲ್ಲಿದ್ದ ಒಂದು ಬಿರುಕನ್ನು ಮುಚ್ಚಿತು. ವಿಶೇಷವಾಗಿ ಹೆಣೆದ ಪತ್ರವೊಂದು ಬಂದು ಬಿದ್ದರೆ ಸಾಕಿತ್ತು, ಓದುಗ ಅದನ್ನು ಕ್ಲಿಕ್ ಮಾಡುವ ಮೊದಲೇ ಅವನ ಗುರುತಿನ ವಿವರ ಹೊರಗೆ ಹೋಗುತ್ತಿತ್ತು. ನಿಮ್ಮದು ಬೇರೆ ಪ್ರೋಗ್ರಾಂ ಎಂಬುದು ಗೊತ್ತಿದೆ. ಮೇಲ್ ಪ್ರೋಗ್ರಾಂ ಎಂದರೆ ಬೀದಿಗೆ ತೆರೆದ ಬಾಗಿಲು, ಅದಕ್ಕೆ ಆಗಾಗ ರಿಪೇರಿ ಬರುತ್ತಲೇ ಇರಬೇಕು ಎಂದು ಹೇಳಲು ಈ ಉದಾಹರಣೆ ಕೊಟ್ಟೆ. 2017ರ ನಿಮ್ಮ 52ಕ್ಕೆ ರಿಪೇರಿ ನಿಂತು ವರ್ಷಗಳೇ ಆದವು.

ಹಾಗಾದರೆ ಅದೇ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಗುಂಡಿ ಒತ್ತೋಣವೇ? ಬೇಡ ಎನ್ನುತ್ತೇನೆ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಥಂಡರ್‌ಬರ್ಡ್ ಎಂದರೆ 2023ರಲ್ಲಿ ಬಂದ 115ನೆಯ ಆವೃತ್ತಿ. ಅದರ ಮುಂದಿನ 128ಕ್ಕೆ ವಿಂಡೋಸ್ 10 ಬೇಕು. 115ಕ್ಕೂ ಈಗ ರಿಪೇರಿ ಬರುತ್ತಿಲ್ಲ. ವಿಂಡೋಸ್ 7ಕ್ಕಂತೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಗೆದ್ದಲು ತಿಂದ ಚೌಕಟ್ಟಿಗೆ ಹೊಸ ಬಾಗಿಲು ಕೂರಿಸಿದಂತಾಗುತ್ತದೆ. ಜೊತೆಗೆ ಅಲ್ಲಿಂದ ಹಿಂತಿರುಗುವ ದಾರಿ ಇಲ್ಲ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರೊಫೈಲ್ ಫೋಲ್ಡರನ್ನು ಹಳೆಯದಕ್ಕೆ ಮತ್ತೆ ಒಪ್ಪಿಸಲು ಹೋಗುವುದು ಅಪಾಯ. ತಿಂಗಳುಗಟ್ಟಲೆ ಒದ್ದಾಡಿ, ಕಣ್ಣಿಗೆ ಹೊಸ ರೂಪ ಒಗ್ಗಿಸಿಕೊಂಡು, ಕೊನೆಗೆ ನೀವು ಸೇರುವುದು ಇನ್ನೊಂದು ಹಳೆಯ ಆವೃತ್ತಿಗೆ.

ವಿಂಡೋಸ್ 7 ತೆಗೆದುಬಿಡಿ ಎಂದೂ ನಾನು ಹೇಳುವುದಿಲ್ಲ. ನಿಮ್ಮ ಪೇಜ್‌ಮೇಕರ್ ಅದರಲ್ಲಿದೆ, ನಿಮ್ಮ ಕೈ ಅದರಲ್ಲಿ ಪಳಗಿದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಷ್ಟು ಹಳೆಯದರ ಮೇಲೆ ಇಂದಿಗೂ ಈ ಊರಿನ ಎಷ್ಟೋ ಮದುವೆಗಳ ಕರೆಯೋಲೆ ಕಟ್ಟಲಾಗುತ್ತಿದೆ. ಹದಿನೈದು ವರ್ಷಗಳ ಲಗ್ನಪತ್ರಿಕೆಯ ಮಾದರಿಗಳು ಪೇಜ್‌ಮೇಕರ್ ಕಡತಗಳಾಗಿ ನಿಮ್ಮಲ್ಲಿರಬೇಕು, ಅವನ್ನು ಬಿಟ್ಟುಕೊಡಬೇಕಾಗಿಲ್ಲ. ಆ ಯಂತ್ರಕ್ಕೆ ಪುಟ ಕಟ್ಟುವ ಕೆಲಸ ಮಾತ್ರ ಉಳಿಸಿ. ಅದರ ಇಂಟರ್ನೆಟ್ ತಂತಿಯನ್ನು ಕೀಳಿ, ವೈಫೈ ಇದ್ದರೆ ಆರಿಸಿ. ಟಪಾಲಿಗೆ ಎರಡನೆಯ ಯಂತ್ರ ತನ್ನಿ. ಗಿರಾಕಿಯ ಕಡತ ಅಲ್ಲಿ ಬರಲಿ, ಅಲ್ಲೇ ವೈರಸ್ ತಪಾಸಣೆ ಆಗಲಿ, ಆಮೇಲೆ ಪೆನ್‌ಡ್ರೈವ್‌ನಲ್ಲಿ ಪುಟ ಕಟ್ಟುವ ಯಂತ್ರಕ್ಕೆ ಹೋಗಲಿ. ಮೊದಲ ವಾರ ಇದು ಕಿರಿಕಿರಿ ಎನಿಸುತ್ತದೆ. ಆದರೆ ನಿಮ್ಮ ಜೀವನೋಪಾಯವೆಲ್ಲ ಒಂದೇ ಡಬ್ಬಿಯಲ್ಲಿದೆ, ಆ ಡಬ್ಬಿ ದಿನವಿಡೀ ಬೀದಿಗೆ ತೆರೆದುಕೊಂಡಿದೆ ಎಂಬುದನ್ನು ನೆನೆದರೆ ನನಗೆ ನಿಮ್ಮ ಪರವಾಗಿ ನಿದ್ದೆ ಬರುವುದಿಲ್ಲ.

ಎರಡನೆಯ ಯಂತ್ರ ಹೊಸದೇ ಆಗಬೇಕಿಲ್ಲ. ಎಸ್.ಪಿ. ರಸ್ತೆಯಲ್ಲಿ ದೊಡ್ಡ ಕಚೇರಿಗಳಿಂದ ಬಂದ, ಸರಿಪಡಿಸಿದ ಡೆಸ್ಕ್‌ಟಾಪ್‌ಗಳು ಸಿಗುತ್ತವೆ. ಕೊಳ್ಳುವಾಗ ಒಂದನ್ನು ಬಿಡದೆ ಕೇಳಿ: ಇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಿಡಿಸುತ್ತದೆಯೇ? ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಗ್ಗವಾಗಿ ಸಿಕ್ಕಿತು ಎಂದು ಅದಕ್ಕೇ ನಿಲ್ಲುವ ಯಂತ್ರ ತಂದರೆ ಇದೇ ಪ್ರಶ್ನೆಯನ್ನು ಮತ್ತೆ ಬರೆಯಬೇಕಾಗುತ್ತದೆ. ಅಷ್ಟು ಹಣ ಈಗ ಕೈಯಲ್ಲಿಲ್ಲವಾದರೆ ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿ. ಅವು ಉಚಿತ, ಅವುಗಳ ಮೇಲೂ ಇಂದಿನ ಥಂಡರ್‌ಬರ್ಡ್ ನಡೆಯುತ್ತದೆ. ಇಂಥ ಕೆಲಸಕ್ಕೆ ನಿಮ್ಮ ಮಗನೇ ಸಾಕು.

ಹೊಸ ಯಂತ್ರದಲ್ಲಿ ಹಳೆಯ ಪ್ರೊಫೈಲನ್ನು ಇಡಿಯಾಗಿ ತಂದು ಹಾಕುವುದು ನನಗೆ ಇಷ್ಟವಿಲ್ಲ. 52ರಿಂದ ಇಂದಿನ ಆವೃತ್ತಿಗೆ ಜಿಗಿತ ಬಲು ದೊಡ್ಡದು. ಖಾತೆಗಳನ್ನು ಹೊಸದಾಗಿಯೇ ಮಾಡಿ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ನಿಮ್ಮ ಪ್ರತಿಯಿಂದ ಆ ಬಾಲವಿಲ್ಲದ ಇನ್‌ಬಾಕ್ಸ್ ಕಡತವನ್ನು ತೆಗೆದು, ಹಳೆಯ-ಟಪಾಲು ಎಂಬಂಥ ಹೊಸ ಹೆಸರಿಟ್ಟು, ಹೊಸ ಪ್ರೊಫೈಲಿನ ಲೋಕಲ್ ಫೋಲ್ಡರ್ಸ್ ಎಂಬ ಜಾಗಕ್ಕೆ ಹಾಕಿ. ಕಳಿಸಿದ ಪತ್ರಗಳ ಕಡತಕ್ಕೂ ಹಾಗೆಯೇ. ಗಿರಾಕಿಗೊಂದು ಉಪಫೋಲ್ಡರ್ ಮಾಡಿಕೊಂಡಿದ್ದರೆ ಎಸ್‌ಬಿಡಿ ಎಂದು ಕೊನೆಯಾಗುವ ಫೋಲ್ಡರ್‌ಗಳು ಇರುತ್ತವೆ, ಅವುಗಳ ಹೆಸರಿನ ಮೊದಲ ಭಾಗವೂ ಕಡತದ ಹೆಸರೂ ಒಂದೇ ಇರುವಂತೆ ನೋಡಿಕೊಂಡು ಜೊತೆಗೇ ಒಯ್ಯಿರಿ. ಮತ್ತೆ ತೆರೆದಾಗ 2011ರ ಪತ್ರಗಳು ಎಡಗಡೆಯ ಸಾಲಿನಲ್ಲಿ ಕಾಣುತ್ತವೆ.

ಇನ್ನು ಪಕ್ಕದ ಪ್ರೆಸ್ಸಿನವರ ಮಾತು. ಅವರ ಪತ್ರಗಳು ಹಾಳಾಗಿರಲಾರವು. ನುಡಿ, ಬರಹದಂಥ ಹಳೆಯ ಬಗೆಯಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ, ಲ್ಯಾಟಿನ್ ಲಿಪಿಯ ಚಿಹ್ನೆಗಳು. ಅವಕ್ಕೆ ಫಾಂಟ್ ಕನ್ನಡದ ಉಡುಗೆ ತೊಡಿಸುತ್ತದೆ. ಹೊಸ ಕಂಪ್ಯೂಟರಿಗೆ ಪತ್ರಗಳು ಹೋಗಿ ಫಾಂಟ್ ಹೋಗದಿದ್ದರೆ ಉಡುಗೆ ಕಳಚಿದ ಚಿಹ್ನೆಗಳೇ ಕಣ್ಣಿಗೆ ಬೀಳುತ್ತವೆ. ನುಡಿಯ ಫಾಂಟ್‌ಗಳನ್ನು ಹೊಸ ಯಂತ್ರದಲ್ಲಿ ಹಾಕಿದರೆ, ಫಾಂಟಿನ ಹೆಸರು ಪತ್ರದಲ್ಲೇ ನಮೂದಾಗಿರುವವು ಸಾಮಾನ್ಯವಾಗಿ ಮತ್ತೆ ಕನ್ನಡವಾಗುತ್ತವೆ. ಹೆಸರು ನಮೂದಾಗದೆ ಬರಿಯ ಪಠ್ಯವಾಗಿ ಬಂದವನ್ನು ವರ್ಡ್‌ಗೆ ಅಂಟಿಸಿ ನುಡಿ ಫಾಂಟ್ ಕೊಟ್ಟು ಓದಬಹುದು. ನಿಮ್ಮ ನೆರೆಯವರಿಗೆ ಇದನ್ನು ಇವತ್ತೇ ತಿಳಿಸಿ, ಪಾಪ, ಅವರು ಆ ಪತ್ರಗಳ ಆಸೆ ಬಿಟ್ಟಿರಬೇಕು.

ಹಳೆಯ ಮ್ಯಾಟರನ್ನು, ಇಂದಿನ ಮೊಬೈಲು ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸುವುದಾದರೆ ಅರ್ಕಾವೊತ್ತಿನ ಮೇಲೆ ಕಣ್ಣಿಡಿ. ನುಡಿಯ ಹಳೆಯ ಬಗೆಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುವ ಪ್ರತ್ಯೇಕ ಚಿಹ್ನೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೀರ್ತನಾ, ಪೂರ್ಣಿಮಾ, ಮಲ್ಲಿಕಾರ್ಜುನ ಎಂಬಂಥ ಹೆಸರುಗಳನ್ನು ಪರಿವರ್ತನೆಯ ನಂತರ ಒಂದೊಂದಾಗಿ ಓದಬೇಕು. ಪ್ರೂಫ್ ನೋಡುವವರಿಗೆ ನಾನು ಹೇಳಬೇಕಾಗಿಲ್ಲ, ಮದುಮಗಳ ಹೆಸರು ತಪ್ಪಾದ ಲಗ್ನಪತ್ರಿಕೆಯನ್ನು ಯಾರೂ ಹಂಚುವುದಿಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದ ಕಾರಣ ಮೊಬೈಲಿನಲ್ಲಿ ಟೈಪ್ ಮಾಡಿ ಬರುವ ಇಂದಿನ ಮ್ಯಾಟರಿಗೆ ತಿರುಗಾ ಪರಿವರ್ತನೆ ಬೇಕಾಗುತ್ತದೆ, ಅಲ್ಲಿಯೂ ಇದೇ ಎಚ್ಚರ.

ಜಿಮೇಲ್ ಖಾತೆ ಒಪ್ಪದಿರುವುದಕ್ಕೆ ನಿಮ್ಮ ಪಾಸ್‌ವರ್ಡ್ ಕಾರಣವಲ್ಲ. ಬರಿಯ ಹೆಸರು, ಪಾಸ್‌ವರ್ಡ್ ಹೇಳಿ ಒಳಬರುವ ಪ್ರೋಗ್ರಾಂಗಳನ್ನು ಗೂಗಲ್ 2022ರ ಮೇ 30ರಿಂದ ಒಳಗೆ ಬಿಡುವುದನ್ನು ನಿಲ್ಲಿಸುತ್ತ ಬಂತು. ಇಂದಿನ ಥಂಡರ್‌ಬರ್ಡ್‌ನಲ್ಲಿ ಗೂಗಲ್‌ನದೇ ಪುಟ ತೆರೆದುಕೊಂಡು, ನೀವು ಅಲ್ಲಿ ಒಪ್ಪಿಗೆ ಕೊಟ್ಟರೆ, ಪಾಸ್‌ವರ್ಡ್ ಪ್ರೋಗ್ರಾಂನಲ್ಲಿ ಉಳಿಯುವುದೇ ಇಲ್ಲ. ಹೊಸ ಯಂತ್ರ ಬರುವವರೆಗೆ ತುರ್ತಾಗಿ ಬೇಕಿದ್ದರೆ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಸಿ, ಹದಿನಾರು ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಬಳಸಿ. ಅದು ತಾತ್ಕಾಲಿಕ ತೇಪೆ ಅಷ್ಟೇ.

ಯಾವಾಗ ಮಾಡಬೇಕು? ಆಷಾಢದಲ್ಲಿ. ಮದುವೆಗಳಿಲ್ಲದೆ ನಿಮ್ಮ ಪ್ರೆಸ್ಸು ಉಸಿರಾಡುವ ತಿಂಗಳು ಅದು. ಅದಕ್ಕೆ ಮೊದಲು ಹಳೆಯ ಥಂಡರ್‌ಬರ್ಡ್‌ನ ಖಾತೆಯ ಸೆಟ್ಟಿಂಗ್‌ನಲ್ಲಿ, ಪತ್ರ ಇಳಿಸಿಕೊಂಡರೂ ಸರ್ವರಿನಲ್ಲಿ 30 ದಿನ ಪ್ರತಿ ಉಳಿಯುವಂತೆ ಗುರುತು ಹಾಕಿ. ಎರಡು ವಾರ ಎರಡೂ ಕಡೆ ಪತ್ರ ಬರಲಿ. ಒಂದೂ ತಪ್ಪಿಲ್ಲ ಎಂದು ನಿಮಗೆ ನಂಬಿಕೆ ಬಂದ ದಿನ ಹಳೆಯ ಯಂತ್ರದ ತಂತಿ ಕೀಳಿ. ಆಷಾಢದವರೆಗೆ ಕಾಯಬಹುದಾದದ್ದು ಇದಷ್ಟೇ. ಪ್ರತಿ ತೆಗೆಯುವುದನ್ನು ಈ ವಾರ ಎಂದೆನಲ್ಲ, ಅದು ಈ ವಾರವೇ.

ಪ್ರಶ್ನೆ: ನಾನು ಜಯನಗರದಲ್ಲಿ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ಮೇಲ್ ಪ್ರೋಗ್ರಾಂ ದಿನಕ್ಕೆ ಎರಡು ಸಲ ಅಪ್‌ಡೇಟ್ ಕೇಳುತ್ತದೆ. ಕೇಳಿದ ಕೂಡಲೇ ಒಪ್ಪಬೇಕೇ?

ಉತ್ತರ: ಒಪ್ಪಿ, ಆದರೆ 19ನೆಯ ತಾರೀಕಿನ ರಾತ್ರಿ ಬೇಡ. ನಿಮ್ಮ ಕಕ್ಷಿದಾರರು ಪ್ರತಿ ತಿಂಗಳು ವಿವರ ಸಲ್ಲಿಸುವವರಾದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. 21ರ ಬೆಳಿಗ್ಗೆ ಚಹಾ ಕುಡಿದು, ಪ್ರತಿ ತೆಗೆದು, ಅಪ್‌ಡೇಟ್ ಮಾಡಿ. ಸೂಚನೆಯಲ್ಲಿ ಭದ್ರತೆಗೆ ಸಂಬಂಧಿಸಿದ್ದು ಎಂದಿದ್ದರೆ ಮಾತ್ರ ತಾರೀಕು ನೋಡಬೇಡಿ, ಅಂದೇ ಸಂಜೆ ಮುಗಿಸಿ.

ಪ್ರಶ್ನೆ: ಮಲ್ಲೇಶ್ವರದಿಂದ ಬರೆಯುತ್ತಿದ್ದೇನೆ, ನನಗೆ 74 ವರ್ಷ. ನಮ್ಮ ಮನೆಯವರು ತೀರಿಕೊಂಡು ಆರು ವರ್ಷವಾಯಿತು. ಅವರ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಮಗಳಿಗೆ ಅವರು ಬರೆದ ಪತ್ರಗಳಿವೆ. ನಾನು ಆಗಾಗ ಓದುತ್ತೇನೆ. ಅಪ್‌ಡೇಟ್ ಮಾಡಿಸಬೇಕೇ, ಅಥವಾ ಮಗಳು ಹೇಳುವಂತೆ ಗುಜರಿಗೆ ಕೊಡಬೇಕೇ?

ಉತ್ತರ: ಎರಡೂ ಬೇಡ ಅಮ್ಮಾ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿತು, ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಇನ್ನು ಅಪ್‌ಡೇಟ್ ಎಂಬುದೇ ಇಲ್ಲ. ನಿಮಗೆ ಹೊಸ ಪತ್ರ ಬರಬೇಕಾಗಿಲ್ಲ, ಇರುವವು ಉಳಿದರೆ ಸಾಕಲ್ಲವೇ? ಇಂಟರ್ನೆಟ್ ತಂತಿ ಇದ್ದರೆ ತೆಗೆಸಿ, ಯಂತ್ರ ಹಾಗೆಯೇ ಇರಲಿ. ಆದರೆ ಅದರ ಡಿಸ್ಕಿಗೂ ವಯಸ್ಸಾಗಿದೆ, ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ. ಮುಂದಿನ ಸಲ ಮಗಳೋ ಮೊಮ್ಮಕ್ಕಳೋ ಬಂದಾಗ ಹೀಗೆ ಮಾಡಿಸಿ. ಡೆಸ್ಕ್‌ಟಾಪ್ ಮೇಲೆ ಒಂದು ಖಾಲಿ ಫೋಲ್ಡರ್ ಮಾಡಿ ತೆರೆದಿಟ್ಟು, ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಕಳಿಸಿದ ಪತ್ರಗಳ ಪಟ್ಟಿಗೆ ಹೋಗಿ, ನೂರು ನೂರರಂತೆ ಪತ್ರಗಳನ್ನು ಆರಿಸಿ, ಮೌಸಿನಲ್ಲಿ ಎಳೆದು ಆ ಫೋಲ್ಡರಿಗೆ ಬಿಡಬೇಕು. ಪ್ರತಿ ಪತ್ರವೂ ಇಎಂಎಲ್ ಎಂಬ ಪ್ರತ್ಯೇಕ ಕಡತವಾಗಿ ಬೀಳುತ್ತದೆ. ಇಂದಿನ ಥಂಡರ್‌ಬರ್ಡ್ ಅದನ್ನು ತೆರೆಯುತ್ತದೆ, ಅವರು ಜೊತೆಗೆ ಇಟ್ಟಿದ್ದ ಫೋಟೊಗಳೂ ಅದರೊಳಗೇ ಇರುತ್ತವೆ. ಎರಡು ಪೆನ್‌ಡ್ರೈವ್‌ಗಳಿಗೆ ತುಂಬಿಸಿ, ಒಂದು ಮಗಳ ಹತ್ತಿರ ಇರಲಿ. ನಿಮಗೆ ಬಹಳ ಪ್ರಿಯವಾದವನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಮುದ್ರಿಸಿ ಕೊಡಲು ಹೇಳಿ.

ಪ್ರೋಗ್ರಾಂ ನಡುವೆ ಎಂದಾದರೂ ಕಡತಗಳನ್ನು ಕುಗ್ಗಿಸಲೇ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಎಳೆದು ಬಿಟ್ಟ ಮೇಲೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಕಿಟಕಿಯ ಕೆಳಗೆ ಎಷ್ಟು ಪತ್ರಗಳು ಎಂಬ ಲೆಕ್ಕ ಕಾಣುತ್ತದೆ. ಫೋಲ್ಡರಿನಲ್ಲಿ ಎಷ್ಟು ಕಡತಗಳಿವೆ ಎಂದು ನೋಡಿ. ಎರಡೂ ಸಂಖ್ಯೆ ಒಂದೇ ಆದ ಮೇಲೆ ಪೆನ್‌ಡ್ರೈವ್ ತೆಗೆಯಲು ಹೇಳಿ.